ವಿನಿಮಯ ದರ ಓದಬೇಕು: ಎಂ.ಎ.ಗೆ ಸೇರಲಾ, ಎಂ.ಕಾಂ.ಗಾ, ಎಂ.ಬಿ.ಎ.ಗಾ?

ಚಿಕ್ಕಮಗಳೂರಿನಲ್ಲಿ ಕಾಫಿ ತೋಟ ಇರುವವರ ಫೋನಿಗೆ ದಿನಾ ಒಂದು ಮೆಸೇಜು ಬರುತ್ತದೆ. ಎಪಿ ಇಷ್ಟು, ಎಸಿ ಇಷ್ಟು, ಆರ್‌ಪಿ ಇಷ್ಟು, ಆರ್‌ಸಿ ಇಷ್ಟು. ಮೊದಲ ಅಕ್ಷರ ಕಾಫಿಯ ಜಾತಿ, ಅರೇಬಿಕಾ ಅಥವಾ ರೋಬಸ್ಟಾ; ಎರಡನೆಯದು ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು) ಅಥವಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು). ಕೆಳಗೆ ನ್ಯೂಯಾರ್ಕ್, ಲಂಡನ್ ಪೇಟೆಯ ಕಾಫಿ ದರ, ಡಾಲರಿನ ಬೆಲೆ. ಮೇಲಿನ ನಾಲ್ಕು ಸಾಲನ್ನು ಎಲ್ಲರೂ ಓದುತ್ತಾರೆ, ಯಾಕೆಂದರೆ ಅದು ದುಡ್ಡಿನ ವಿಷಯ. ಕೆಳಗಿನ ಮೂರು ಸಾಲಿನಿಂದಲೇ ಮೇಲಿನ ನಾಲ್ಕು ಹುಟ್ಟುವುದು ಎಂದು ಗಮನಿಸುವವರು ಕಡಿಮೆ. ನನ್ನ ತಂಗಿಯ ಮಗಳು ಗಮನಿಸಿದ್ದಳು. ಬಿ.ಕಾಂ. ಕೊನೆಯ ಸೆಮಿಸ್ಟರಿನಲ್ಲಿದ್ದಾಗ ಒಂದು ಭಾನುವಾರ ಅಪ್ಪನ ಜೊತೆ ಮನೆಗೆ ಬಂದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಳು: "ಮಾವ, ನಂಗೆ ಈ ಡಾಲರ್ ವಿಷ್ಯಾನೇ ಓದ್ಬೇಕು ಅನ್ಸಿದೆ. ಎಂ.ಎ. ಎಕನಾಮಿಕ್ಸ್ ಮಾಡ್ಲಾ, ಎಂ.ಕಾಂ. ಮಾಡ್ಲಾ, ಎಂ.ಬಿ.ಎ. ಮಾಡ್ಲಾ?"

"ಬ್ಯಾಂಕ್ ಎಕ್ಸಾಮ್ ಕಟ್ಟು ಅಂದ್ರೆ ಕೇಳಲ್ಲ ನೋಡಿ ಭಾವ ಇವಳು" ಎಂದರು ಅವಳಪ್ಪ.

ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವನು. ಆಮೇಲೆ ಹೊಟ್ಟೆಪಾಡಿಗೆ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ರಫ್ತು ವಿಭಾಗದಲ್ಲಿ ವರ್ಷಗಟ್ಟಲೆ ಕೂತೆ. ಹಾಗಾಗಿ ಓದಿದ್ದೂ ಗೊತ್ತು, ಓದಿದ್ದು ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತು. ಅವತ್ತು ಅವಳಿಗೆ ಹೇಳಿದ್ದನ್ನೇ, ಆಮೇಲೆ ಹಾಸನದಿಂದ, ಸಕಲೇಶಪುರದಿಂದ ಫೋನ್ ಮಾಡಿ ಕೇಳಿದ ಇನ್ನೂ ಕೆಲವು ಮಕ್ಕಳಿಗೆ ಹೇಳಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಒಂದು ಕಂಟೇನರ್, ಮೂರು ತರಗತಿ

ಕೋರ್ಸಿನ ಹೆಸರು ನೋಡಿ ಆಯ್ಕೆ ಮಾಡಲು ಹೋದರೆ ತಲೆ ಕೆಡುತ್ತದೆ. ಮೂರರ ಪಠ್ಯಕ್ರಮದಲ್ಲೂ "ಅಂತಾರಾಷ್ಟ್ರೀಯ ಹಣಕಾಸು" ಎಂಬ ಒಂದು ಪತ್ರಿಕೆ ಇದ್ದೇ ಇರುತ್ತದೆ, ಅಧ್ಯಾಯಗಳ ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ನಾನು ಒಂದು ಲೆಕ್ಕ ಹಾಕಿ ತೋರಿಸಿದೆ.

ಅರೇಬಿಕಾದ ದರ ನಿಗದಿಯಾಗುವುದು ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಎಂದು. ರೋಬಸ್ಟಾದ್ದು ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ಲೆಕ್ಕಕ್ಕೆ ಪೌಂಡಿಗೆ 250 ಸೆಂಟ್ ಎಂದಿಟ್ಟುಕೊಳ್ಳಿ. ಒಂದು ಪೌಂಡ್ ಎಂದರೆ 0.4536 ಕಿಲೋ, ಅಂದರೆ ಕಿಲೋಗೆ 5.51 ಡಾಲರ್. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 60 ಕಿಲೋದ 320 ಚೀಲ ಹಿಡಿಯುತ್ತದೆ, ಒಟ್ಟು 19.2 ಟನ್. ಬಿಲ್ಲಿನ ಮೊತ್ತ ಸುಮಾರು 1,05,800 ಡಾಲರ್. ಡಾಲರಿಗೆ 85 ರೂಪಾಯಿ ಎಂದರೆ ಹತ್ತಿರಹತ್ತಿರ 90 ಲಕ್ಷ. ಈಗ ಕಾಫಿಯ ದರ ಒಂದು ಸೆಂಟೂ ಅಲುಗದೆ, ಡಾಲರ್ ಮಾತ್ರ 20 ಪೈಸೆ ಇಳಿಯಲಿ. 21,000 ರೂಪಾಯಿ ಹೋಯಿತು. ಒಂದೇ ಕಂಟೇನರಿನಲ್ಲಿ.

ಈ 20 ಪೈಸೆಯನ್ನು ಹಿಡಿದುಕೊಂಡು ಮೂರು ತರಗತಿಗೆ ಹೋಗಿ. ಅರ್ಥಶಾಸ್ತ್ರದ ಮೇಷ್ಟ್ರು "ಯಾಕೆ ಇಳಿಯಿತು?" ಎಂದು ಕೇಳುತ್ತಾರೆ. ವಾಣಿಜ್ಯದ ಮೇಷ್ಟ್ರು "ಇದನ್ನು ಯಾವ ತಾರೀಕಿಗೆ, ಯಾವ ಖಾತೆಗೆ ಬರೆಯುತ್ತೀಯ? ದಾಖಲೆ ಎಲ್ಲಿ?" ಎನ್ನುತ್ತಾರೆ. ಎಂ.ಬಿ.ಎ. ತರಗತಿಯಲ್ಲಿ "ಇಳಿಯುವ ಮೊದಲೇ ಏನು ಮಾಡಬೇಕಿತ್ತು?" ಎಂಬ ಪ್ರಶ್ನೆ ಬರುತ್ತದೆ. ಡಾಲರ್ ಒಂದೇ, ಕೇಳುವ ಕುತೂಹಲ ಬೇರೆ. ರಾತ್ರಿ ಮಲಗುವಾಗ ಈ ಮೂರರಲ್ಲಿ ಯಾವ ಪ್ರಶ್ನೆ ತಲೆಯಲ್ಲಿ ಸುತ್ತುತ್ತದೋ ಆ ಕಡೆ ಹೋಗಬೇಕು. ಉಳಿದದ್ದೆಲ್ಲ, ಅಂದರೆ ಫೀಸು, ದೂರ, ಸೀಟು, ಕೆಲಸ, ಇದರ ನಂತರದ ಮಾತು.

ಎಂ.ಎ. ಅರ್ಥಶಾಸ್ತ್ರ: "ಯಾಕೆ" ಎನ್ನುವವರಿಗೆ

ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ನನ್ನ ಪಕ್ಷಪಾತ ಇಲ್ಲೇ ಇದೆ, ಮುಚ್ಚಿಡುವುದಿಲ್ಲ.

ನಮ್ಮ ಅಜ್ಜ ಕಾಫಿ ಬೆಳೆದರು, ಡಾಲರಿನ ಗೊಡವೆಗೆ ಹೋಗಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಬೋರ್ಡೇ ಮಾರುವ ರಾಶಿಗೆ, ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಇತ್ತ ರೂಪಾಯಿಯ ಬೆಲೆಯೂ ಸರ್ಕಾರ ಹೇಳಿದ್ದೇ. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದರು. 1991ರ ಜುಲೈ 1ಕ್ಕೆ ಒಮ್ಮೆ, 3ಕ್ಕೆ ಇನ್ನೊಮ್ಮೆ ಮತ್ತೆ ಇಳಿಸಿದರು. ಆಮೇಲೆ 1993ರ ಮಾರ್ಚಿನಲ್ಲಿ ರೂಪಾಯಿಯನ್ನು ಮಾರುಕಟ್ಟೆಗೆ ಬಿಟ್ಟರು. ಅದೇ ಆಸುಪಾಸಿನಲ್ಲಿ ಕಾಫಿಯ ಪೂಲ್ ಕೂಡ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಬಹುದು ಎಂದಾಯಿತು. ಅಂದರೆ ರೂಪಾಯಿ ಮತ್ತು ಕಾಫಿ ಎರಡೂ ಕಟ್ಟು ಬಿಚ್ಚಿಕೊಂಡು ಬೀದಿಗೆ ಬಂದದ್ದು ಹೆಚ್ಚುಕಡಿಮೆ ಒಟ್ಟಿಗೇ. ಸಾಲದ್ದಕ್ಕೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ದರ ಜಿಗಿಯಿತು. ನಮ್ಮೂರಿನಲ್ಲಿ ಆಗ ಕಾರು ಕೊಂಡವರೆಲ್ಲ ಜಾಣರೆಂದುಕೊಂಡಿದ್ದರು. ಬ್ರೆಜಿಲ್ ಎಲ್ಲಿದೆಯೆಂದು ಅವರಿಗೆ ಗೊತ್ತಾದದ್ದು ದರ ಬಿದ್ದ ಮೇಲೆ.

ಎಂ.ಎ. ಕಲಿಸುವುದು ಈ ಕೊಂಡಿಗಳನ್ನು. ಬ್ರೆಜಿಲ್‌ನ ನಾಣ್ಯ ರಿಯಾಲ್. ಡಾಲರಿನೆದುರು ಅದು ಬಿದ್ದರೆ ಅಲ್ಲಿನ ರೈತನಿಗೆ ಅದೇ ಡಾಲರಿಗೆ ಹೆಚ್ಚು ರಿಯಾಲ್ ಸಿಗುತ್ತದೆ, ಅವನು ಗೋದಾಮು ಖಾಲಿ ಮಾಡುತ್ತಾನೆ, ನ್ಯೂಯಾರ್ಕ್ ದರ ಇಳಿಯುತ್ತದೆ, ಮೂಡಿಗೆರೆಯಲ್ಲಿ ಎಪಿ ಇಳಿಯುತ್ತದೆ. ರೂಪಾಯಿ ಬಿದ್ದರೆ ರಫ್ತಿಗೆ ಲಾಭ ಎಂದು ಪಿಯುಸಿಯಲ್ಲಿ ಒಂದು ಸಾಲಿನಲ್ಲಿ ಬರೆದದ್ದು ಅರ್ಧ ಸತ್ಯ ಎಂದು ಇಲ್ಲಿ ಗೊತ್ತಾಗುತ್ತದೆ. ಪೈಪೋಟಿಯವನ ನಾಣ್ಯ ನಿಮ್ಮದಕ್ಕಿಂತ ಜಾಸ್ತಿ ಬಿದ್ದಿದ್ದರೆ ನಿಮ್ಮ ಲಾಭ ಎಲ್ಲಿಂದ ಬರಬೇಕು? ಇದಕ್ಕೆಂದೇ ರಿಸರ್ವ್ ಬ್ಯಾಂಕ್ 40 ದೇಶಗಳ ನಾಣ್ಯಗಳನ್ನು ತೂಗಿ, ಬೆಲೆಯೇರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ರೂಪಾಯಿಯ ನೈಜ ಬೆಲೆಯ ಸೂಚ್ಯಂಕ ಪ್ರಕಟಿಸುತ್ತದೆ. ಪತ್ರಿಕೆಯ ಮುಖಪುಟ "ರೂಪಾಯಿ ಪಾತಾಳಕ್ಕೆ" ಎಂದು ಕೂಗುವ ದಿನ ಈ ಸೂಚ್ಯಂಕ ನೋಡುವ ಅಭ್ಯಾಸ ಬಂದರೆ ನಿಮ್ಮ ಎಂ.ಎ. ಫೀಸು ವಸೂಲಾದಂತೆ.

ಇನ್ನೊಂದು ಕೊಂಡಿ 2013ರದ್ದು. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬೆನ್ ಬರ್ನಾಂಕೆ, ತಿಂಗಳು ತಿಂಗಳು ಮಾರುಕಟ್ಟೆಗೆ ಸುರಿಯುತ್ತಿದ್ದ ಹಣವನ್ನು ಕಡಿಮೆ ಮಾಡಬಹುದು ಎಂದರು. ಮಾಡಿರಲಿಲ್ಲ, ಮಾಡಬಹುದು ಎಂದಷ್ಟೇ. ಆಗಸ್ಟ್ 28ರ ಹೊತ್ತಿಗೆ ಇಲ್ಲಿ ಡಾಲರ್ 68 ರೂಪಾಯಿ ದಾಟಿತ್ತು. ಯಾಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಸೊಗಸಾದ ವಾದವಿದೆ: ನಾಣ್ಯದ ದರ ಸ್ಥಿರವಾಗಿರಬೇಕು, ಬಂಡವಾಳ ಬೇಕಾದಂತೆ ಬಂದುಹೋಗಬೇಕು, ಬಡ್ಡಿದರ ನಮ್ಮ ಕೈಯಲ್ಲೇ ಇರಬೇಕು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡು ಬೇಕಾದರೆ ಮೂರನೆಯದನ್ನು ಬಿಡಬೇಕು. 1960ರ ದಶಕದ ಆರಂಭದಲ್ಲಿ ಮಂಡೆಲ್ ಮತ್ತು ಫ್ಲೆಮಿಂಗ್ ಕಟ್ಟಿದ ಮಾದರಿಯಿಂದ ಬಂದ ಮಾತಿದು. ಭಾರತ ಮೂರರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ನಡೆಯುತ್ತದೆ. ಇದು ಒಮ್ಮೆ ತಲೆಗೆ ಹತ್ತಿದರೆ ಆರ್‌ಬಿಐ ಡಾಲರ್ ಮಾರಿದ, ಕೊಂಡ ಸುದ್ದಿಗಳೆಲ್ಲ ಒಂದು ದಾರಕ್ಕೆ ಸೇರುತ್ತವೆ.

ಇನ್ನು ತಮಾಷೆ. ಮೂರು ಸೆಮಿಸ್ಟರ್ ಮಾದರಿಗಳ ಮೇಲೆ ಮಾದರಿ ಕಲಿಸಿ ಕೊನೆಗೆ ಮೇಷ್ಟ್ರು ಮೀಸ್ ಮತ್ತು ರೋಗಾಫ್ ಎಂಬಿಬ್ಬರು 1983ರಲ್ಲಿ ಬರೆದ ಪ್ರಬಂಧ ತರುತ್ತಾರೆ. ಅದರ ಸಾರ ಇಷ್ಟು: ಮುಂದಿನ ಕೆಲವು ತಿಂಗಳ ವಿನಿಮಯ ದರ ಊಹಿಸುವುದರಲ್ಲಿ ನಮ್ಮ ಈ ಮಾದರಿಗಳು "ನಾಳೆಯೂ ಇವತ್ತಿನ ದರವೇ" ಎಂಬ ಸೋಮಾರಿ ಊಹೆಯನ್ನು ಸೋಲಿಸಲಾರವು. ನಾವೆಲ್ಲ ಪೆನ್ನು ಕೆಳಗಿಟ್ಟು ಮುಖ ಮುಖ ನೋಡಿಕೊಂಡಿದ್ದೆವು. ಮುಂದೆ ಆಫೀಸಿನಲ್ಲಿ ಕೂತಾಗ ನನ್ನ ಓದಿನಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿದ ಪಾಠ ಅದೇ. "ಡಾಲರ್ ಇನ್ನೂ ಏರುತ್ತೆ, ಕಾಯೋಣ" ಎನ್ನುವವರ ಮಾತಿಗೆ ತಲೆಯಾಡಿಸುವುದನ್ನು ನಾನು ಆವತ್ತೇ ಬಿಟ್ಟಿದ್ದೆ.

ಅಡ್ಡಿ ಏನೆಂದರೆ ಗಣಿತ. ಈಗಿನ ಎಂ.ಎ.ಯಲ್ಲಿ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಖ್ಯಾಶಾಸ್ತ್ರ, ಇಕನಾಮೆಟ್ರಿಕ್ಸ್ ತಪ್ಪಿದ್ದಲ್ಲ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಸೇರುವ ಮೊದಲ ಬೇಸಿಗೆಯಲ್ಲೇ ಪಿಯುಸಿಯ ಎರಡೂ ವರ್ಷದ ಗಣಿತ ಪುಸ್ತಕ ಎದುರಿಗಿಟ್ಟುಕೊಂಡು ಕೂರಬೇಕು. ಕನ್ನಡ ಮಾಧ್ಯಮದವರು ಹೆದರಬೇಕಾಗಿಲ್ಲ. ಚಾಲ್ತಿ ಖಾತೆ, ಅಪಮೌಲ್ಯ, ಕೊಳ್ಳುವ ಶಕ್ತಿಯ ಸಮಾನತೆ ಎಂದು ಬರೆದರೂ ವಿಷಯ ಅದೇ. ಆದರೆ ಓದುವ ಪ್ರಬಂಧಗಳು ಇಂಗ್ಲಿಷಿನಲ್ಲೇ ಇರುತ್ತವೆ, ಅದಕ್ಕೆ ತಯಾರಿರಿ.

ಕೆಲಸದ ಮಾತಿಗೆ ಬಂದರೆ ಒಂದು ವಿಷಯವನ್ನು ಸೇರುವ ಮೊದಲೇ ತಿಳಿದಿರಬೇಕು. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರ ಅಥವಾ ಅದರ ಹತ್ತಿರದ ವಿಷಯದಲ್ಲಿ ಸ್ನಾತಕೋತ್ತರ ಪದವಿಯೇ ಬೇಕು. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಹುದ್ದೆಗಳಲ್ಲಿ ಆರ್ಥಿಕ ಸಂಶೋಧನೆ ವಿಭಾಗದ್ದಕ್ಕೂ ಹಾಗೆಯೇ. ಎಂ.ಕಾಂ. ಮುಗಿಸಿ ಆಮೇಲೆ ಈ ಬಾಗಿಲು ತಟ್ಟಿದವರು ನನಗೆ ಗೊತ್ತು, ವಾಪಸು ಬಂದರು.

ಎಂ.ಕಾಂ.: ಕಾಗದದ ಬೆಲೆ ಗೊತ್ತಾಗುವುದು ಇಲ್ಲಿ

ನನ್ನ ಎಂ.ಎ. ಗರ್ವ ಇಳಿದದ್ದು ಕೆಲಸಕ್ಕೆ ಸೇರಿದ ಎಂಟನೇ ತಿಂಗಳಲ್ಲಿ. ಯುರೋಪಿನ ಒಬ್ಬ ಖರೀದಿದಾರರ ಬ್ಯಾಂಕಿನಿಂದ ಎಲ್‌ಸಿ, ಅಂದರೆ ಹೇಳಿದ ಕಾಗದ ಸರಿಯಾಗಿ ಕೊಟ್ಟರೆ ಹಣ ಕೊಡುತ್ತೇವೆಂಬ ಬ್ಯಾಂಕಿನ ಭರವಸೆ ಪತ್ರ, ಬಂದಿತ್ತು. ಅದರಲ್ಲಿ ಸರಕಿನ ವಿವರ "ಇಂಡಿಯನ್ ಅರೇಬಿಕಾ ಪ್ಲಾಂಟೇಶನ್ ಎ" ಎಂದಿತ್ತು. ನಾನು ಇನ್‌ವಾಯ್ಸ್ ಬರೆಯುವಾಗ ಜಾಣತನ ಮಾಡಿ "ವಾಷ್ಡ್ ಅರೇಬಿಕಾ, ಎ ಗ್ರೇಡ್" ಎಂದೆ. ನಮ್ಮ ಕಡೆ ಯಾರನ್ನು ಕೇಳಿದರೂ ಎರಡೂ ಒಂದೇ ಕಾಫಿ. ಬ್ಯಾಂಕಿಗೆ ಹಾಗಲ್ಲ. ಎಲ್‌ಸಿಗಳಿಗೆ ಯುಸಿಪಿ 600 ಎಂಬ ಅಂತಾರಾಷ್ಟ್ರೀಯ ನಿಯಮಾವಳಿ 2007ರಿಂದ ಜಾರಿಯಲ್ಲಿದೆ. ಇನ್‌ವಾಯ್ಸಿನಲ್ಲಿ ಸರಕಿನ ವಿವರ ಎಲ್‌ಸಿಯಲ್ಲಿರುವುದಕ್ಕೆ ತಾಳೆಯಾಗಲೇಬೇಕು ಎಂದು ಅದು ಹೇಳುತ್ತದೆ. ಬ್ಯಾಂಕು ನೋಡುವುದು ಕಾಗದವನ್ನು, ಚೀಲ ಬಿಚ್ಚಿ ಬೀಜವನ್ನಲ್ಲ. "ಡಿಸ್ಕ್ರೆಪೆನ್ಸಿ" ಎಂದು ಬರೆದು ತಡೆಹಿಡಿದರು. ಖರೀದಿದಾರರು ಒಪ್ಪಿಗೆ ಕಳಿಸಿ ಹಣ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಅಷ್ಟರಲ್ಲಿ ನಾವು ಬುಕ್ ಮಾಡಿಟ್ಟಿದ್ದ ಫಾರ್ವರ್ಡ್‌ನ (ಮುಂದೆ ಬರುವ ಡಾಲರಿಗೆ ಇವತ್ತೇ ಬ್ಯಾಂಕಿನ ಜೊತೆ ದರ ಗೊತ್ತುಮಾಡುವ ಕರಾರಿನ) ತಾರೀಕೂ ಮೀರಿ, ಅದನ್ನು ಮುಂದೂಡಲು ಕೈಯಿಂದ ವ್ಯತ್ಯಾಸ ಕಟ್ಟಬೇಕಾಯಿತು. ಮ್ಯಾನೇಜರು ಬೈಯಲಿಲ್ಲ. "ಮಂಡೆಲ್ ಫ್ಲೆಮಿಂಗ್ ಗೊತ್ತು, ಎಲ್‌ಸಿ ನೋಡ್ಕೊಂಡು ಬರಿಯೋಕೆ ಗೊತ್ತಿಲ್ಲ" ಎಂದಷ್ಟೇ ಹೇಳಿ ನಕ್ಕರು. ಬೈದಿದ್ದರೆ ವಾಸಿಯಿತ್ತು.

ಎಂ.ಕಾಂ.ನವರಿಗೆ ಈ ಗತಿ ಬರುವುದಿಲ್ಲ, ಚೆನ್ನಾಗಿ ಓದಿದ್ದರೆ. ಎಲ್‌ಸಿ, ಹಡಗಿಗೆ ಸರಕು ಹತ್ತಿಸಿದ್ದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗ್, ಸಾಗಣೆಯ ವೆಚ್ಚ ಯಾರದ್ದೆಂದು ಹೇಳುವ ಎಫ್‌ಒಬಿ, ಸಿಐಎಫ್ ಕರಾರು, ವಿದೇಶಿ ವಿನಿಮಯದ 1999ರ ಫೆಮಾ ಕಾಯ್ದೆ, ಖರೀದಿದಾರ ಹಣ ಕೊಡದಿದ್ದರೆ ಕೈಹಿಡಿಯುವ ಇಸಿಜಿಸಿ ವಿಮೆ, ಎಲ್ಲವೂ ಈ ದಾರಿಯಲ್ಲಿ ಸಿಗುತ್ತವೆ. ವಿದೇಶಿ ನಾಣ್ಯದ ವಹಿವಾಟನ್ನು ಪುಸ್ತಕಕ್ಕೆ ಹೇಗೆ ಹತ್ತಿಸಬೇಕೆಂಬ ಲೆಕ್ಕಪತ್ರದ ಮಾನದಂಡ ಎಎಸ್ 11, ದೊಡ್ಡ ಕಂಪನಿಗಳಿಗಾದರೆ ಇಂಡ್ ಎಎಸ್ 21, ಇವೂ ಇಲ್ಲೇ. ಮಾರ್ಚ್ 31ಕ್ಕೆ ಬಾಕಿ ಬರಬೇಕಾದ ಡಾಲರನ್ನು ಅಂದಿನ ದರಕ್ಕೆ ತಿರುಗಿಸಿ, ಬಂದ ವ್ಯತ್ಯಾಸವನ್ನು ಲಾಭ ನಷ್ಟಕ್ಕೆ ಒಯ್ಯುವುದು ಕೇಳಲು ಒಣ ಕೆಲಸ. ಆದರೆ ಹಾಸನದ ಜವಳಿ ಎಸ್‌ಇಝಡ್‌ನಲ್ಲಿ ಆಗಲಿ, ನಮ್ಮ ಕ್ಯೂರಿಂಗ್ ವರ್ಕ್ಸುಗಳಲ್ಲಿ ಆಗಲಿ, ಸಂಬಳ ಕೊಟ್ಟು ಮಾಡಿಸುವ ಕೆಲಸ ಇದು.

ಊರು ಬಿಡದೆ ಕೆಲಸ ಬೇಕೆನ್ನುವವರಿಗೆ ನಾನು ಕಣ್ಣು ಮುಚ್ಚಿ ಎಂ.ಕಾಂ. ಹೇಳುತ್ತೇನೆ. ಜೊತೆಗೆ ಬಾಯಿಪಾಠದ ಅಪಾಯವನ್ನೂ ಹೇಳುತ್ತೇನೆ. ಎಲ್‌ಸಿಯ ಹತ್ತು ವಿಧ ಬರೆಯಿರಿ ಎಂಬ ಪ್ರಶ್ನೆಗೆ ಹದಿನೈದು ಅಂಕ ತೆಗೆದವರು ನಿಜವಾದ ಒಂದು ಎಲ್‌ಸಿ ಕೈಗೆ ಕೊಟ್ಟರೆ ಕೊನೆಯ ಸಾಗಣೆ ತಾರೀಕು ಯಾವ ಸಾಲಿನಲ್ಲಿದೆಯೆಂದು ಹುಡುಕುವುದನ್ನು ನೋಡಿದ್ದೇನೆ. ರಜೆಯಲ್ಲಿ ಯಾವುದಾದರೂ ರಫ್ತು ಆಫೀಸಿನಲ್ಲಿ ಒಂದು ತಿಂಗಳು ಪುಕ್ಕಟೆ ಕೂತು ಫೈಲು ಹೊಲಿದರೂ ಸರಿ, ಕೂತುಬನ್ನಿ.

ಎಂ.ಬಿ.ಎ.: ಕಾಲೇಜು ನೋಡಿ, ಬೋರ್ಡು ನೋಡಬೇಡಿ

ಎಂ.ಬಿ.ಎ. ಫೈನಾನ್ಸಿನಲ್ಲಿ ಅಂತಾರಾಷ್ಟ್ರೀಯ ಹಣಕಾಸಿನ ಪತ್ರಿಕೆ ಚೆನ್ನಾಗಿ ಕಲಿಸಿದರೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಫಾರ್ವರ್ಡ್, ಫ್ಯೂಚರ್ಸ್, ಆಪ್ಷನ್, ಸ್ವಾಪ್, ಎಲ್ಲವೂ ಮುಂದಿನ ದರದ ಅಪಾಯ ತಡೆಯುವ ಕರಾರುಗಳು. ನಮ್ಮ ಮಲೆನಾಡಿನ ಮಕ್ಕಳಿಗೆ ಇದು ಹೊಸದೇನಲ್ಲ. ಅಡಿಕೆ ಚೇಣಿ ಕೊಡುವುದು ಗೊತ್ತಲ್ಲ? ಕೊಯ್ಲಿಗೆ ಮೊದಲೇ ದರ ಮಾತಾಡಿ ಮುಗಿಸುತ್ತಾರೆ. ಆಮೇಲೆ ದರ ಏರಿದರೆ ಅಳಬಾರದು, ಇಳಿದರೆ ಚೇಣಿದಾರನ ಹಣೆಬರಹ. ಫಾರ್ವರ್ಡ್ ಅದೇ ಜಾತಿಯದ್ದು, ಸರಕಿನ ಜಾಗದಲ್ಲಿ ಡಾಲರ್ ಅಷ್ಟೆ.

ಒಂದು ಕಡೆ ಮಾತ್ರ ಎಡವುತ್ತಾರೆ. ಇವತ್ತು ಡಾಲರ್ 85, ಮೂರು ತಿಂಗಳ ಫಾರ್ವರ್ಡ್ 85.42 ಎಂದು ಬ್ಯಾಂಕು ಹೇಳಿದರೆ, "ಓ, ರೂಪಾಯಿ ಬೀಳುತ್ತೆ ಅಂತ ಬ್ಯಾಂಕಿಗೇ ಗೊತ್ತಿದೆ" ಎನ್ನುತ್ತಾರೆ. ಬ್ಯಾಂಕಿಗೆ ಗೊತ್ತಿರುವುದು ಎರಡು ಬಡ್ಡಿದರ ಮಾತ್ರ. ರೂಪಾಯಿಗೆ ವರ್ಷಕ್ಕೆ ಶೇ 7, ಡಾಲರಿಗೆ ಶೇ 5 ಎಂದಿಟ್ಟುಕೊಳ್ಳಿ. ಮೂರು ತಿಂಗಳಿಗೆ ಅದು 1.75 ಮತ್ತು 1.25. 85ನ್ನು 1.0175ರಿಂದ ಗುಣಿಸಿ 1.0125ರಿಂದ ಭಾಗಿಸಿ, 85.42 ಬರುತ್ತದೆ. ಭವಿಷ್ಯ ಹೇಳುವುದಿಲ್ಲ, ಬಡ್ಡಿಯ ಅಂತರವನ್ನು ಪೈಸೆಗೆ ತಿರುಗಿಸುತ್ತದೆ. ನಮ್ಮ ಕಂಟೇನರಿಗೆ ಆ 42 ಪೈಸೆ ಎಂದರೆ 44,000 ರೂಪಾಯಿ ಚಿಲ್ಲರೆ. ಯಾವ ಕಾಲೇಜಿಗೆ ಸೇರುವ ಮೊದಲೂ ಅಲ್ಲಿನ ಕೊನೆಯ ವರ್ಷದ ಒಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಇದನ್ನು ಕೇಳಿ: ಫಾರ್ವರ್ಡ್‌ಗೆ ಪ್ರೀಮಿಯಂ, ಅಂದರೆ ಇವತ್ತಿನ ದರದ ಮೇಲೆ ಈ ಹೆಚ್ಚಿನ ಪೈಸೆ, ಯಾಕೆ ಬರುತ್ತದೆ? ಬಡ್ಡಿಯ ಮಾತು ಬಂದರೆ ಪಾಠ ನಡೆಯುತ್ತಿದೆ. "ಡಿಮ್ಯಾಂಡ್ ಜಾಸ್ತಿ ಇದ್ದಾಗ" ಎಂದು ರಾಗ ಎಳೆದರೆ ಅರ್ಜಿ ಫಾರಂ ಅಲ್ಲೇ ಇಟ್ಟು ಬನ್ನಿ.

ಇನ್ನೊಂದು ಕಿವಿಮಾತು. ಎಂ.ಬಿ.ಎ.ಯಲ್ಲಿ ಈ ಪತ್ರಿಕೆ ಸಾಮಾನ್ಯವಾಗಿ ಐಚ್ಛಿಕ, ಅದೂ ಎರಡನೇ ವರ್ಷದಲ್ಲಿ. ಸಣ್ಣ ಕಾಲೇಜುಗಳಲ್ಲಿ ಸಾಕಷ್ಟು ಜನ ಆರಿಸದಿದ್ದರೆ ಆ ಪತ್ರಿಕೆ ತೆರೆಯುವುದೇ ಇಲ್ಲ, ಎಲ್ಲರನ್ನೂ ಮಾರ್ಕೆಟಿಂಗಿಗೋ ಎಚ್‌ಆರ್‌ಗೋ ತಳ್ಳುತ್ತಾರೆ. ಲಕ್ಷಗಟ್ಟಲೆ ಫೀಸು ಕಟ್ಟಿ ಒಂದು ಸೆಮಿಸ್ಟರಿನ ಒಂದು ಪತ್ರಿಕೆಗೆ ಕಾಯುವುದು ನನಗಂತೂ ಒಪ್ಪಿಗೆಯಿಲ್ಲ. ಪಿಜಿಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ವಿಶ್ವವಿದ್ಯಾಲಯದ ವಿಭಾಗದಲ್ಲೇ ಸೀಟು ಸಿಕ್ಕರೆ ಸೇರಿ. ಇಲ್ಲವೇ ಕ್ಯಾಟ್ ಬರೆದು ದೆಹಲಿಯ ಐಐಎಫ್‌ಟಿಯಂಥ, ವಿದೇಶ ವ್ಯಾಪಾರಕ್ಕೆಂದೇ 1963ರಲ್ಲಿ ಹುಟ್ಟಿದ ಸಂಸ್ಥೆಗೆ ಗುರಿಯಿಡಿ. ನಡುವಿನ ದುಬಾರಿ ಖಾಸಗಿ ಎಂ.ಬಿ.ಎ.ಗಿಂತ ಸರ್ಕಾರಿ ಕಾಲೇಜಿನ ಎಂ.ಕಾಂ. ಮೇಲು.

ಪಕ್ಕದ ದಾರಿಗಳು

ಸಿ.ಎ. ಮಾಡುತ್ತಿರುವವರಿಗೆ ಬೇರೆ ಪದವಿಯ ಹಂಬಲ ಬೇಡ. ಫೈನಲ್‌ನ ಅಡ್ವಾನ್ಸ್ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ವಿದೇಶಿ ವಿನಿಮಯದ ಅಪಾಯದ ಲೆಕ್ಕಗಳು ಎಂ.ಬಿ.ಎ.ಗಿಂತ ಗಟ್ಟಿಯಾಗಿಯೇ ಇವೆ. ಇನ್ನು ಅಂತಾರಾಷ್ಟ್ರೀಯ ವೃತ್ತಿ ಪರೀಕ್ಷೆಗಳು: ಹಣಕಾಸಿನ ಅಪಾಯ ನಿರ್ವಹಣೆಯ ಎಫ್‌ಆರ್‌ಎಂ ಎರಡು ಭಾಗ, ಹೂಡಿಕೆ ವಿಶ್ಲೇಷಣೆಯ ಸಿಎಫ್‌ಎ ಮೂರು ಹಂತ. ಎರಡರ ಪರೀಕ್ಷಾ ಶುಲ್ಕವನ್ನೂ ಡಾಲರಿನಲ್ಲೇ ಕಟ್ಟಬೇಕು, ವಿನಿಮಯ ದರದ ಮೊದಲ ಪಾಠ ಅಲ್ಲೇ ಆಗುತ್ತದೆ. ಇವು ಪದವಿಯ ಮೇಲೆ ಒಗ್ಗರಣೆ, ಪದವಿಗೆ ಬದಲಿಯಾಗುವುದಿಲ್ಲ. ಬ್ಯಾಂಕಿಗೆ ಸೇರಿದ ಮೇಲೆ ಬ್ಯಾಂಕ್ ನೌಕರರಿಗೆ ಪರೀಕ್ಷೆ ನಡೆಸುವ ಸಂಸ್ಥೆ ಐಐಬಿಎಫ್‌ನ ವಿದೇಶಿ ವಿನಿಮಯದ ಸರ್ಟಿಫಿಕೇಟು ಮಾಡಿಕೊಂಡರೆ ಫಾರೆಕ್ಸ್ ಶಾಖೆಗೆ ಹೋಗುವ ದಾರಿ ಸಲೀಸು.

ಒಂದು ದಾರಿಗೆ ಮಾತ್ರ ನಾನು ಬೇಲಿ ಹಾಕುತ್ತೇನೆ. "ಮೂರು ತಿಂಗಳಲ್ಲಿ ಫಾರೆಕ್ಸ್ ಟ್ರೇಡಿಂಗ್ ಕಲಿಯಿರಿ, ಮನೆಯಲ್ಲೇ ಕೂತು ಡಾಲರ್ ದುಡಿಯಿರಿ" ಎಂಬ ಜಾಹೀರಾತು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೂತ ಹುಡುಗನ ಮೊಬೈಲಿಗೂ ಬರುತ್ತದೆ. ಇದು ವಿಶ್ವವಿದ್ಯಾಲಯದ ಓದಿನ ಬದಲಿ ಎಂದುಕೊಂಡು ಅಪ್ಪನ ಕಾಫಿ ದುಡ್ಡು ಕಳೆದವರಿದ್ದಾರೆ. ನಮ್ಮ ದೇಶದಲ್ಲಿ ನಾಣ್ಯದ ವ್ಯವಹಾರ ಮಾನ್ಯತೆಯಿರುವ ಬ್ಯಾಂಕು, ಎಕ್ಸ್‌ಚೇಂಜುಗಳ ಮೂಲಕವೇ ಆಗಬೇಕು. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಎಕ್ಸ್‌ಚೇಂಜಿನಲ್ಲಿ ಡಾಲರ್ ಫ್ಯೂಚರ್ಸ್ 2008ರ ಆಗಸ್ಟಿನಲ್ಲಿ ಶುರುವಾಯಿತು, ಒಂದು ಲಾಟ್ ಎಂದರೆ 1,000 ಡಾಲರ್. ಆದರೆ 2024ರ ಮೇ ತಿಂಗಳಿಂದ ಅಲ್ಲಿಯೂ ಸುಮ್ಮನೆ ಜೂಜಿಗೆ ಜಾಗವಿಲ್ಲ, ರೂಪಾಯಿಯ ಕರಾರು ಕೊಳ್ಳುವವರಿಗೆ ನಿಜವಾಗಿ ಡಾಲರ್ ಬರಬೇಕಾದ ಅಥವಾ ಕೊಡಬೇಕಾದ ವ್ಯವಹಾರ ಇರಲೇಬೇಕು. ಕೋಚಿಂಗ್‌ನವರು ಇದನ್ನು ಹೇಳುವುದಿಲ್ಲ.

ವಿದೇಶಕ್ಕೆ ಹೋಗಿ ಓದುವುದು

ಇದು ಎಲ್ಲರ ಮಾತಲ್ಲ, ಆದರೂ ತೋಟದ ಮನೆಗಳಲ್ಲಿ ಕೇಳಿಬರುತ್ತದೆ. ವಿನಿಮಯ ದರ ಓದಲು ವಿದೇಶಕ್ಕೆ ಹೊರಟವರು ಟಿಕೆಟ್ ಕೊಳ್ಳುವ ದಿನದಿಂದಲೇ ವಿನಿಮಯ ದರದ ಬಲಿಪಶು. ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಾದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚೆಂದು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ) 11,904 ಯೂರೋ ಇಡಬೇಕು. ಇದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ. ಅರ್ಜಿ ಹಾಕಿದಂದಿನಿಂದ ಹಣ ಕಳಿಸುವಷ್ಟರಲ್ಲಿ ಯೂರೋ ಐದು ರೂಪಾಯಿ ಏರಿದರೆ 59,520 ರೂಪಾಯಿ ಹೆಚ್ಚು ಹೊಂದಿಸಬೇಕು.

ಇಲ್ಲಿ ಕಾಫಿ ಮನೆಗೂ ಸಂಬಳದ ಮನೆಗೂ ಒಂದು ವ್ಯತ್ಯಾಸವಿದೆ, ಇದನ್ನು ಯಾವ ಶಿಕ್ಷಣ ಸಲಹೆಗಾರರೂ ಹೇಳಿದ್ದು ನಾನು ಕೇಳಿಲ್ಲ. ಹಾಸನದಲ್ಲಿ ಸರ್ಕಾರಿ ಕೆಲಸದಲ್ಲಿರುವ ಅಪ್ಪನ ಸಂಬಳ ರೂಪಾಯಿ ಬಿದ್ದ ಮಾತ್ರಕ್ಕೆ ಏರುವುದಿಲ್ಲ. ಕಾಫಿ ಬೆಳೆಗಾರನ ಬೆಲೆ ಡಾಲರಿಗೆ ಕಟ್ಟಿದ್ದು. ರೂಪಾಯಿ ಬಿದ್ದರೆ ಮಗಳ ಫೀಸೂ ಏರುತ್ತದೆ, ಚೀಲದ ದರವೂ ಏರುತ್ತದೆ, ಒಂದು ಇನ್ನೊಂದನ್ನು ಸ್ವಲ್ಪ ಹೊರುತ್ತದೆ. ಪಠ್ಯದಲ್ಲಿ ಇದಕ್ಕೆ ಸಹಜ ಹೆಡ್ಜ್, ಅಂದರೆ ತಾನಾಗಿ ಸಿಗುವ ರಕ್ಷಣೆ, ಎನ್ನುತ್ತಾರೆ. ಸಹಜವೆಂದು ಪೂರ್ತಿ ನಂಬಬೇಡಿ. ಡಾಲರ್ ಎಲ್ಲರೆದುರೂ ಏರಿದ ವರ್ಷ ಬ್ರೆಜಿಲ್‌ನ ರಿಯಾಲ್ ಕೂಡ ಬಿದ್ದಿರುತ್ತದೆ, ನ್ಯೂಯಾರ್ಕ್ ದರ ಇಳಿದಿರುತ್ತದೆ. ಕೊಡೆಯಲ್ಲಿ ತೂತು ಇದೆ ಎಂದು ತಿಳಿದೇ ಮಳೆಗೆ ಇಳಿಯಬೇಕು. ಸಂಬಳದ ಮನೆಯವರಿಗೆ ನನ್ನ ಮಾತು ನೇರ: ಮೊದಲು ಇಲ್ಲೇ ಎಂ.ಎ. ಮುಗಿಸಿ, ಆಮೇಲೆ ವಿದ್ಯಾರ್ಥಿವೇತನದೊಂದಿಗೆ ಪಿಎಚ್.ಡಿ.ಗೆ ಹೋಗಿ.

ಇಲ್ಲಿಂದ ಎಲ್ಲಿಗೆ

ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಪದವಿ ಓದಿದವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಸ್ವಂತ ಮನೆಯಿದ್ದಂತೆ. ಹಾಸನದವರಿಗೆ ಹೇಮಗಂಗೋತ್ರಿಯ ಸ್ನಾತಕೋತ್ತರ ಕ್ಯಾಂಪಸ್ ಕಾಲಬುಡದಲ್ಲಿದೆ, ಮಾನಸಗಂಗೋತ್ರಿ ಒಂದು ಬಸ್ಸಿನ ದೂರ. ಹೊಸ ವಿಭಾಗ, ಸಣ್ಣ ಕೇಂದ್ರ ಎಂದು ಮೂಗು ಮುರಿಯುವ ಮೊದಲು ಆ ವರ್ಷ ಯಾವ ಪತ್ರಿಕೆ ನಡೆಯುತ್ತಿದೆ, ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ವಿಚಾರಿಸಿ. ಗಣಿತದಲ್ಲಿ ಗಟ್ಟಿಯಿದ್ದರೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯ ನೋಡಬಹುದು, ಅದು ಅರ್ಥಶಾಸ್ತ್ರಕ್ಕೆಂದೇ 2017ರಲ್ಲಿ ಶುರುವಾದದ್ದು. ಸಿಯುಇಟಿ ಪಿಜಿ ಬರೆದರೆ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿ ದೇಶದ ಹಲವು ಕಡೆ ಬಾಗಿಲು ತೆರೆಯುತ್ತದೆ. ತೋಟ ನೋಡಿಕೊಂಡೇ ಓದಬೇಕಾದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ.

ಎಲ್ಲಿಗೇ ಹೋದರೂ ಪಠ್ಯಕ್ರಮದ ಪಿಡಿಎಫ್ ನಂಬಬೇಡಿ, ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ ತರಿಸಿ. ಪಠ್ಯಕ್ರಮದಲ್ಲಿ ಎಲ್ಲವೂ ಇರುತ್ತದೆ. ಪಾಠ ನಡೆದದ್ದೆಷ್ಟು ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಕಾಣುತ್ತದೆ. ಸ್ಥಿರ ದರ ಮತ್ತು ತೇಲುವ ದರದ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಮೂರು ವರ್ಷವೂ ಬಂದು, ಲೆಕ್ಕ ಒಂದೂ ಬಂದಿಲ್ಲವೆಂದರೆ ಅರ್ಥ ಮಾಡಿಕೊಳ್ಳಿ.

ನನ್ನ ತಂಗಿಯ ಮಗಳಿಗೆ ಒಂದು ವಾರದ ಕೆಲಸ ಕೊಟ್ಟು ಕಳಿಸಿದ್ದೆ. ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ಹೊರಡಿಸುವ ಅಂಕಿಅಂಶದ ಪುರವಣಿಯಲ್ಲಿ ವಿದೇಶಿ ವಿನಿಮಯ ಮೀಸಲು ಏರಿತೋ ಇಳಿಯಿತೋ ನೋಡಿ, ಯಾಕಿರಬಹುದು ಎಂದು ಅರ್ಧ ಪುಟ ಬರೆಯಬೇಕು. ನನ್ನ ಹಳೆಯ ಫೈಲಿನ ಒಂದು ಎಲ್‌ಸಿ ಓದಿ, ಯಾವ ಯಾವ ಕಾಗದ ಯಾವ ತಾರೀಕಿನೊಳಗೆ ಬೇಕೆಂದು ಪಟ್ಟಿ ಮಾಡಬೇಕು. ಎಕ್ಸೆಲ್‌ನಲ್ಲಿ ಆ ಕಂಟೇನರಿನ ಲೆಕ್ಕ ಹಾಕಿ, ಫಾರ್ವರ್ಡ್ ಬುಕ್ ಮಾಡಿದರೆ ಎಷ್ಟು, ಮಾಡದಿದ್ದರೆ ಎಷ್ಟು ಎಂದು ತೋರಿಸಬೇಕು. ಎಕ್ಸೆಲ್ ಹಾಳೆ ಎರಡೇ ದಿನದಲ್ಲಿ ಬಂತು. ಎಲ್‌ಸಿಯ ಪಟ್ಟಿಯಲ್ಲಿ ಎರಡು ತಪ್ಪಿತ್ತು. ಅರ್ಧ ಪುಟ ಬರೆಯಬೇಕಾದದ್ದು ಆರು ಪುಟವಾಗಿತ್ತು, ಕೊನೆಯಲ್ಲಿ ನನಗೇ ನಾಲ್ಕು ಪ್ರಶ್ನೆ. ಅವಳಪ್ಪನಿಗೆ ಫೋನ್ ಮಾಡಿ, ಎಂ.ಎ.ಗೇ ಸೇರಿಸಿ ಭಾವ ಎಂದೆ.

ಈಗ ಎರಡನೇ ಸೆಮಿಸ್ಟರ್. ಮ್ಯಾಟ್ರಿಕ್ಸ್ ಕಷ್ಟ ಎಂದು ಗೊಣಗುತ್ತಾಳೆ, ಹಾಸ್ಟೆಲ್ಲಿನ ಕಾಫಿ ಕುಡಿಯಲಾಗದು ಎಂದು ಇನ್ನೂ ಜಾಸ್ತಿ ಗೊಣಗುತ್ತಾಳೆ. ಮೊನ್ನೆ ರಾತ್ರಿ ಮೆಸೇಜು ಬಂತು: "ಮಾವ, ರಿಯಾಲ್ ಸಿಕ್ಕಾಪಟ್ಟೆ ಬಿದ್ದಿದೆ. ಎಪಿ ಇನ್ನೂ ಇಳಿಯುತ್ತೆ. ಈಗಲೇ ಕೊಟ್ಬಿಡಿ ಅಂತ ಅಪ್ಪಂಗೆ ಹೇಳ್ಲಾ?"

ಮೂರನೇ ಸೆಮಿಸ್ಟರ್ ಮುಗಿಯಲಿ, ಆಮೇಲೆ ಹೇಳುವಂತೆ ಎಂದು ಬರೆದು ಮಲಗಿದೆ.